ನಮ್ಮ ಮಾರ್ಕೆಟ್ಟು ಸಿನಿಮಾ ಆದಾಗ

ಆ ಸಿನಿಮಾ ಹೇಗಿದೆ ಎಂದು ಯಾರಾದರೂ ಕೇಳಿದರೆ ಈಗಲೂ ನಾನು ತಡವರಿಸುತ್ತೇನೆ. ಒಳ್ಳೆಯ ಸಿನಿಮಾ ಎಂದು ಶುರು ಮಾಡಿದವನು ಎರಡನೇ ಮಾತಿಗೆಲ್ಲ ಬೈಯತೊಡಗಿರುತ್ತೇನೆ. ಬೈಯಲು ಶುರು ಮಾಡಿದರೆ ಮಧ್ಯದಲ್ಲೆಲ್ಲೋ ಹೊಗಳಿಕೆ ನುಸುಳಿಬಿಡುತ್ತದೆ. ಚಾಮರಾಜಪೇಟೆಯ ಒಂದು ವಾರಪತ್ರಿಕೆಯಲ್ಲಿ ವರ್ಷಗಟ್ಟಲೆ ಸಿನಿಮಾ ವಿಮರ್ಶೆ ಬರೆದು ಹೊಟ್ಟೆ ಹೊರೆದುಕೊಂಡವನಿಗೆ ಇದು ಶೋಭೆಯಲ್ಲ, ಗೊತ್ತು. ಆದರೆ ಅದರಲ್ಲಿ ಇಂಟರ್‌ವಲ್‌ಗೆ ಸ್ವಲ್ಪ ಮೊದಲು ಸಾಯುವ ತರಕಾರಿ ವ್ಯಾಪಾರಿ ನನ್ನ ಭಾವ, ಅಕ್ಕನ ಗಂಡ. ಸಿನಿಮಾದವರು ಹಾಗೆಂದು ಎಲ್ಲಿಯೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ನಮ್ಮ ಮಾರ್ಕೆಟ್ಟಿನವರಿಗೆಲ್ಲ ಗೊತ್ತಿತ್ತು.

ಭಾವನ ಅಂಗಡಿ ಇದ್ದದ್ದು ಮಲ್ಲೇಶ್ವರದ ಅಡ್ಡರಸ್ತೆಯೊಂದರ ತರಕಾರಿ ಮಾರ್ಕೆಟ್ಟಿನಲ್ಲಿ. ಮಾರ್ಕೆಟ್ಟು ಎಂದರೆ ದೊಡ್ಡದೇನಲ್ಲ. ಎದುರುಬದುರು ಎರಡು ಸಾಲು ಅಂಗಡಿ, ನಡುವೆ ಇಬ್ಬರು ಹೆಂಗಸರು ಬುಟ್ಟಿ ಹಿಡಿದು ಎದುರಾದರೆ ಒಬ್ಬರು ಓರೆಯಾಗಬೇಕಾದಷ್ಟು ಓಣಿ, ಮೇಲೆ ಬಿಸಿಲಿಗೆ ಕಟ್ಟಿದ ಗೋಣಿತಾಟು. ಭಾವನ ಮನೆಯವರು ತಾತನ ಕಾಲದಿಂದ ತರಕಾರಿಯನ್ನೇ ನಂಬಿಕೊಂಡವರು. ತಾತ ತಾವೇ ಬೆಳೆದು ತಂದು ಮಾರುತ್ತಿದ್ದರಂತೆ. ಆ ತೋಟದ ಮೇಲೆಲ್ಲ ಊರು ಹಬ್ಬಿಕೊಂಡ ಮೇಲೆ ಇವರು ಬೇರೆಯವರು ಬೆಳೆದದ್ದನ್ನು ತಂದು ಮಾರುತ್ತಿದ್ದರು. ಭಾವನಿಗೆ ಮಾತು ಕಡಿಮೆ. ಗಿರಾಕಿ ಚೌಕಾಸಿ ಮಾಡಿದರೆ ವಾದಿಸದೆ ತಕ್ಕಡಿಗೆ ಇನ್ನೊಂದು ಕ್ಯಾರೆಟ್ ಹಾಕಿ ಮುಖ ನೋಡುತ್ತಿದ್ದರು, ಅಷ್ಟೆ. ನಾನು ಅಕ್ಕನ ಮನೆಯಲ್ಲೇ ಇದ್ದು ಕಾಲೇಜು ಓದಿದವನು. ಏನು ಓದುತ್ತಿದ್ದೀಯ ಎಂದು ಭಾವ ಒಂದು ದಿನವೂ ಕೇಳಲಿಲ್ಲ. ಪರೀಕ್ಷೆ ಇದ್ದಾಗ ಮಾತ್ರ ಬೆಳಿಗ್ಗೆ ಅಂಗಡಿ ಕಡೆ ಬರಬೇಡ ಎನ್ನುತ್ತಿದ್ದರು.

ಎದುರು ಸಾಲಿನಲ್ಲಿ, ಭಾವನ ಅಂಗಡಿಗೆ ಸರಿಯಾಗಿ ಮುಖ ಮಾಡಿಕೊಂಡು, ಬಾಳೆ ಎಲೆ ಅಂಗಡಿ. ಬಾಳೆ ಎಲೆಯ ಸುರುಳಿಗಳು, ವೀಳ್ಯದೆಲೆ, ಹಬ್ಬ ಬಂದರೆ ಮಾವಿನ ಸೊಪ್ಪು. ಅಂಗಡಿಯ ಮುಂದೆ ಬಿದಿರಿನ ಗಳು ನೆಟ್ಟು, ಎಲೆ ಒಣಗದಿರಲೆಂದು ಒದ್ದೆ ಗೋಣಿಯ ಪರದೆ ಇಳಿಬಿಟ್ಟಿರುತ್ತಿದ್ದರು. ಅದರ ಯಜಮಾನರನ್ನು ಚಿಕ್ಕವರು ದೊಡ್ಡವರೆಲ್ಲ ಎಲೆ ಮಾವ ಎಂದು ಕರೆಯುತ್ತಿದ್ದರು, ನಾವೂ ಹಾಗೇ. ನೆಂಟಸ್ತಿಕೆ ಏನೂ ಇಲ್ಲ.

ಆ ಓಣಿಯಲ್ಲಿ ಹಗಲು ಹೊತ್ತು ಯಾರೂ ಅಂಗಡಿಗೆ ಬಾಗಿಲು ಹಾಕುವುದಿಲ್ಲ. ಹಾಕೋಣವೆಂದರೆ ಬಾಗಿಲೇ ಇಲ್ಲ. ಟೀಗೋ ಊಟಕ್ಕೋ ಹೊರಟವನು ಎದುರಿನವನಿಗೆ "ಅಂಗಡಿ ನೋಡ್ಕೊಳಿ" ಎನ್ನಬೇಕು. ಹಾಗೆ ಹೇಳಿಸಿಕೊಂಡವನು, ಹೋದವನು ಬರುವ ತನಕ ಜಾಗ ಬಿಟ್ಟು ಏಳುವಂತಿಲ್ಲ. ಸ್ವಂತ ಮನೆಯಿಂದ ಕರೆ ಬಂದರೂ ಏಳುವಂತಿಲ್ಲ. ಹೋದವನು ತಿರುಗಿ ಬಂದು "ಬಂದೆ" ಎಂದು ಬಾಯಿಬಿಟ್ಟು ಹೇಳಬೇಕು, ಆಮೇಲೇ ಇವನಿಗೆ ಬಿಡುಗಡೆ. ಜಗಳವಾಡಿ ಮಾತು ಬಿಟ್ಟ ಅಂಗಡಿಯವರೂ ಇಷ್ಟನ್ನು ಮಾತ್ರ ಬಿಟ್ಟಿರಲಿಲ್ಲ. ಒಂದು ಸಲ ಭಾವನ ಬದಲಿಗೆ ಅಂಗಡಿಯಲ್ಲಿದ್ದ ನಾನು ಟೀ ಕುಡಿದು ಬಂದು "ಬಂದೆ" ಎನ್ನದೆ ಸುಮ್ಮನೆ ಕೂತುಬಿಟ್ಟೆ. ಎಲೆ ಮಾವ ಎದುರಿಗೇ ನನ್ನನ್ನು ಕಣ್ಣಾರೆ ನೋಡುತ್ತಾ, ಬುತ್ತಿ ಬಿಚ್ಚದೆ, ದುರುಗುಟ್ಟಿಕೊಂಡು ಕೂತಿದ್ದರು. ಕೊನೆಗೆ ಪಕ್ಕದವರು ಬೈದು ನನ್ನ ಬಾಯಿಂದ ಹೇಳಿಸಬೇಕಾಯಿತು.

ತೊಂಬತ್ತರ ದಶಕದ ನಡುವಿನ ಮಾತು. ಆಗ ಮಾರ್ಕೆಟ್ಟಿನಲ್ಲಿ ಮಾಮೂಲು ಎತ್ತುವವರ ಕಾಟ. ಒಂದು ಗುಂಪು ಎತ್ತುತ್ತಿತ್ತು, ಎಲ್ಲರೂ ಕೊಡುತ್ತಿದ್ದರು, ಭಾವನೂ ಕೊಡುತ್ತಿದ್ದರು. ಒಂದು ದಿನ ಬೆಳಗಿನ ವ್ಯಾಪಾರ ಇಳಿದ ಹೊತ್ತಿಗೆ ಬೇರೆ ಗುಂಪಿನ ಹುಡುಗರು ಬಂದು, ಇನ್ನು ಮೇಲೆ ನಮಗೇ ಕೊಡಬೇಕು ಎಂದರು. ಈ ವಾರದ್ದು ಕೊಟ್ಟಾಗಿದೆಯಲ್ಲ ಎಂದರಂತೆ ಭಾವ. ಅದರಲ್ಲಿ ಧೈರ್ಯವೂ ಇರಲಿಲ್ಲ, ಸೊಕ್ಕೂ ಇರಲಿಲ್ಲ. ಇದ್ದ ವಿಷಯ ಹೇಳಿದರು. ಹುಡುಗರು ಮಚ್ಚು ಬೀಸಿದರು. ಇಷ್ಟು ನಮಗೆ ಗೊತ್ತಾದದ್ದು ಪೊಲೀಸರಿಂದ, ಸಿಕ್ಕಿಬಿದ್ದ ಹುಡುಗರ ಬಾಯಿಂದ ಅವರು ಹೊರಡಿಸಿದ್ದು. ಭಾವ ಸಿಕ್ಕಿದ್ದು ಅಂಗಡಿಯಲ್ಲಲ್ಲ, ಓಣಿಯ ತುದಿಯ ನಲ್ಲಿ ಕಟ್ಟೆಯ ಹತ್ತಿರ. ಜೀವ ಹೋಗಿತ್ತು. ಅಲ್ಲಿಯವರೆಗೆ ಹೇಗೆ ಹೋದರು, ಯಾಕೆ ಹೋದರು ಎಂದು ಯಾರೂ ಹೇಳಲಿಲ್ಲ.

ಮಾರ್ಕೆಟ್ಟಿನ ಅಷ್ಟೂ ಜನ ಆ ಹೊತ್ತಿಗೆ ಟೀ ಕುಡಿಯಲು ಹೋಗಿದ್ದರು. ಪೊಲೀಸರಿಗೂ ಹಾಗೇ ಹೇಳಿದರು, ಮುಂದೆ ಕೋರ್ಟಿನಲ್ಲೂ ಹಾಗೇ ಹೇಳಿದರು. ಅಷ್ಟು ಜನಕ್ಕೆ ಒಟ್ಟಿಗೆ ಟೀ ಕೊಡುವ ಹೋಟೆಲು ಮಲ್ಲೇಶ್ವರದಲ್ಲಿ ಯಾವುದಿತ್ತೋ ನಾನು ಕಾಣೆ. ಎಲೆ ಮಾವನೂ ಕಟಕಟೆಯಲ್ಲಿ ನಿಂತು ತಾನು ಟೀಗೆ ಹೋಗಿದ್ದೆ, ಏನೂ ನೋಡಲಿಲ್ಲ ಎಂದರು. ಹುಡುಗರು ಬಿಡುಗಡೆಯಾದರು. ಭಾವ ಸತ್ತ ಮರುದಿನ ಒಂದು ಪೇಪರಿನಲ್ಲಿ "ರೌಡಿಗಳ ಕಾದಾಟ: ಒಬ್ಬನ ಕೊಲೆ" ಎಂದು ಬಂದಿತ್ತು. ಓಣಿಯ ತುದಿಯವರೆಗೆ ಓಡಿದ್ದಾನೆಂದರೆ ಅವನೂ ಯಾರನ್ನೋ ಅಟ್ಟಿಸಿಕೊಂಡು ಹೋಗಿರಬೇಕು ಎಂಬುದು ಬರೆದವನ ಲೆಕ್ಕಾಚಾರ. ಊರು ನಂಬಿದ್ದು ಅದನ್ನೇ. ನಮ್ಮ ಸ್ವಂತ ನೆಂಟರಲ್ಲೇ ಕೆಲವರು, ಏನೂ ಇಲ್ಲದೆ ಸುಮ್ಮಸುಮ್ಮನೆ ಯಾಕೆ ಹೊಡೀತಾರೆ ಹೇಳು, ಎಂದು ಅಕ್ಕನ ಎದುರಿಗೇ ಅಂದುಹೋದರು.

ತಿಥಿ ಮುಗಿದ ಮೇಲೆ ಅಕ್ಕ ತಾನೇ ಅಂಗಡಿಯಲ್ಲಿ ಕೂತಳು. ಮಕ್ಕಳಿರಲಿಲ್ಲ, ಅಮ್ಮ ಮತ್ತು ನಾನು ಅವಳ ಜೊತೆಗಿದ್ದೆವು. ಅಳು ನಿಂತ ಮೇಲೆ ಅವಳಿಗೆ ಬೇಕಾಗಿ ಉಳಿದದ್ದು ಒಂದೇ. ಹುಡುಗರಿಗೆ ಶಿಕ್ಷೆ ಆಗಲಿ ಎಂದು ಕೂಡ ಅಲ್ಲ. ಯಾರಾದರೂ ಒಬ್ಬರು ಎದುರು ನಿಂತು, ನಾನು ನೋಡಿದೆ, ನಿನ್ನ ಗಂಡ ಯಾರ ತಂಟೆಗೂ ಹೋಗಲಿಲ್ಲ ಎನ್ನಬೇಕು. ಅಷ್ಟು ಹೇಳುವ ಬಾಯಿ ಆ ಓಣಿಯಲ್ಲಿ ಒಂದೂ ಇರಲಿಲ್ಲ. ಸೊಪ್ಪಿಗೆ ನೀರು ಚಿಮುಕಿಸುತ್ತಾ, ತಕ್ಕಡಿ ಹಿಡಿಯುತ್ತಾ, ಅವರೆಲ್ಲರ ನಡುವೆಯೇ ಅವಳು ಅಷ್ಟು ವರ್ಷ ಹೇಗೆ ಕೂತಳೋ. ನನ್ನಿಂದಾಗುತ್ತಿರಲಿಲ್ಲ. ನಾನಾಗಿದ್ದರೆ ಮೊದಲ ವಾರವೇ ಯಾರ ಮೇಲಾದರೂ ಕುಂಬಳಕಾಯಿ ಎತ್ತಿಹಾಕುತ್ತಿದ್ದೆ.

ಎಲೆ ಮಾವನ ಮೇಲೆ ನನಗೆ ವಿಶೇಷ ಸಿಟ್ಟಿತ್ತು, ಅದರ ಜೊತೆ ಸ್ವಲ್ಪ ತಮಾಷೆಯೂ. ಕೋರ್ಟಿನಲ್ಲಿ ಟೀಗೆ ಹೋಗಿದ್ದೆ ಎಂದ ಮನುಷ್ಯ ಆಮೇಲೆ ಟೀಗೆ ಹೋಗುವುದನ್ನೇ ಬಿಟ್ಟಿದ್ದರು. ಮೊದಲೆಲ್ಲ ಎಲ್ಲರ ಹಾಗೆ ಎದ್ದು ಓಡಾಡಿಕೊಂಡಿದ್ದವರು ಈಗ ಬೆಳಿಗ್ಗೆ ಅಕ್ಕನಿಗಿಂತ ಮೊದಲು ಬಂದು ಕೂತರೆ, ಸಂಜೆ ಅವಳು ತಾಟು ಮುಚ್ಚಿ ಹೊರಡುವ ತನಕ ಅಲುಗಾಡುತ್ತಿರಲಿಲ್ಲ. ಟೀ ಅಲ್ಲಿಗೇ ಬರಬೇಕು, ಊಟ ಅಲ್ಲಿಗೇ ಬರಬೇಕು. ಅವರ ತಂಗಿಯ ಮಗಳ ಮದುವೆ ಅದೇ ರಸ್ತೆಯ ಛತ್ರದಲ್ಲಿ ನಡೆದಾಗ ಅಂಗಡಿ ಬಿಟ್ಟು ಧಾರೆಗೆ ಹೋಗಲಿಲ್ಲ, ಅಕ್ಕ ಅಂಗಡಿ ಮುಚ್ಚಿದ ಮೇಲೆ ಹೋಗಿ ಅಕ್ಷತೆ ಹಾಕಿ ಬಂದರು. ಎಲೆ ಮಾವನಿಗೆ ದುಡ್ಡಿನ ಆಸೆ ಹತ್ತಿಬಿಟ್ಟಿದೆ, ಒಂದು ಎಲೆ ವ್ಯಾಪಾರ ತಪ್ಪಿದರೂ ಪ್ರಾಣ ಹೋಗುತ್ತೆ, ಎಂದು ಮಾರ್ಕೆಟ್ಟಿನಲ್ಲಿ ಗೇಲಿ ಮಾಡುತ್ತಿದ್ದರು. ನಾನೂ ಮಾಡುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು, ನಿರ್ದೇಶಕ ಬಂದ. ನನಗಿಂತ ಚಿಕ್ಕವನು, ಕುಮಾರ ಪಾರ್ಕಿನ ಕಡೆಯ ಹುಡುಗ. ಮೊದಲು ಮಾಡಿದ ಒಂದು ಸಿನಿಮಾ ಓಡದಿದ್ದರೂ ಒಳ್ಳೆಯ ಹೆಸರು ತಂದುಕೊಟ್ಟಿತ್ತು. ಬೆಂಗಳೂರಿನ ರೌಡಿಗಳ ಬಗ್ಗೆ ಆಗ ವಾರಕ್ಕೊಂದು ಸಿನಿಮಾ ಬರುತ್ತಿತ್ತು, ಇವನದ್ದು ಹಾಗಲ್ಲವಂತೆ. ಈ ಊರು ಹುಡುಗರ ಕೈಗೆ ಮಚ್ಚು ಹೇಗೆ ಕೊಡುತ್ತೆ ಎಂದು ತೋರಿಸಬೇಕಂತೆ, ನೋಡಿದವರಿಗೆ ನಿದ್ದೆ ಬರಬಾರದಂತೆ. ಗಾಂಧಿನಗರದ ಸಿನಿಮಾದವರು ಸಾಮಾನ್ಯವಾಗಿ ಇಂಥ ಮಾತಾಡುವುದಿಲ್ಲವಾದ್ದರಿಂದ ನನಗೆ ಅವನ ಮೇಲೆ ಸ್ವಲ್ಪ ಗೌರವವೇ ಬಂತು. ಮಳೆಗಾಲ ಪೂರ್ತಿ ಮಾರ್ಕೆಟ್ಟಿಗೆ ಬಂದು ಒಂದು ಖಾಲಿ ಕ್ರೇಟಿನ ಮೇಲೆ ಕೂತಿರುತ್ತಿದ್ದ.

ಅಕ್ಕನನ್ನೂ ಕೇಳಿದ. ಅವಳು ಬೀನ್ಸು ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ನಮ್ಮನೆಯವ್ರು ರೌಡಿ ಅಲ್ಲ. ಅಷ್ಟು ಬರ್ಕೊಳಿ ಸಾಕು."

"ಇದು ಒಬ್ರ ಕಥೆ ಅಲ್ಲಮ್ಮ, ಇಡೀ ಊರಿನ ಕಥೆ," ಎಂದ ಅವನು.

"ಹಂಗಾದ್ರೆ ಊರೋರನ್ನ ಕೇಳಿ," ಎಂದಳು ಅಕ್ಕ.

ಕೇಳಿದ. ಪೊಲೀಸರೆದುರು ಏನೂ ನೋಡದಿದ್ದ ಜನ ಸಿನಿಮಾದವನ ಎದುರು ನಾ ಮುಂದು ತಾ ಮುಂದು ಎಂದು ಹೇಳಿದರು. ಯಾರು ಎಲ್ಲಿ ನಿಂತಿದ್ದರು, ಯಾವನು ಮೊದಲು ಬೀಸಿದ, ಟೊಮೆಟೊ ಬುಟ್ಟಿ ಯಾವ ಕಡೆಗೆ ಉರುಳಿತು, ಎಲ್ಲ. ಹೊಡೆದ ಹುಡುಗರಲ್ಲಿ ಒಬ್ಬ ಅಷ್ಟರಲ್ಲಿ ಬೇರೆ ಯಾರದೋ ಕೈಯಲ್ಲಿ ಸತ್ತಿದ್ದ, ಉಳಿದವರು ಊರು ಬಿಟ್ಟಿದ್ದರು, ಹೆದರಿಕೆ ಕಳೆದಿತ್ತು. ಹೆದರಿಕೆ ಹೋದ ಜಾಗದಲ್ಲಿ ಸಿನಿಮಾದ ಆಸೆ ಬಂದು ಕೂತಿತ್ತು. ವಾರದ ರಜೆ ಮಂಗಳವಾರ. ಕೆಲವು ಮಂಗಳವಾರ ಓಣಿಯಲ್ಲೇ ಚಿತ್ರೀಕರಣ ನಡೆಯಿತು. ನಿರ್ದೇಶಕನಿಗೆ ನಿಜವಾದ ವ್ಯಾಪಾರಿಗಳೇ ಬೇಕಾಗಿತ್ತು, ಹಾಗಾಗಿ ಎಲ್ಲರೂ ತಮ್ಮ ತಮ್ಮ ಪಾತ್ರ ತಾವೇ ಮಾಡಿದರು. ಆ ದಿನಗಳಲ್ಲಿ ಅಕ್ಕ ಮನೆಯಲ್ಲೇ ಇದ್ದು ಪಾತ್ರೆಗಳನ್ನೆಲ್ಲ ಅಟ್ಟದಿಂದ ಇಳಿಸಿ ಬೆಳಗಿದಳು. ಬೆಳಗಿದ್ದನ್ನೇ ಮುಂದಿನ ವಾರ ಮತ್ತೆ ಬೆಳಗಿದಳು.

ಸಂಪಿಗೆ ರಸ್ತೆಯ ಗೋಡೆಗಳ ಮೇಲೆ ಪೋಸ್ಟರು ಬಿದ್ದವು. ಒಂದು ನಮ್ಮ ಅಂಗಡಿಯ ಹಿಂದಿನ ಗೋಡೆಗೇ ಬಿತ್ತು, ಹೀರೋ ಮಚ್ಚು ಹಿಡಿದು ನಿಂತದ್ದು. ಅಕ್ಕ ಅದನ್ನು ಹರಿಯಲಿಲ್ಲ, ಅದರ ಮೇಲೆ ಒಂದು ಗೋಣಿಚೀಲ ನೇತುಹಾಕಿದಳು.

ಶುಕ್ರವಾರ ಮೊದಲ ಆಟಕ್ಕೆ ನಾನು ಮೆಜೆಸ್ಟಿಕ್ ಹತ್ತಿರದ ಚಿತ್ರಮಂದಿರಕ್ಕೆ ಹೋದೆ, ಪತ್ರಿಕೆಯ ಕೆಲಸವಾಗಿ. ಬೈಯಬೇಕೆಂದೇ ಹೋದವನು ಮೊದಲ ಅರ್ಧ ಗಂಟೆ ಸುಮ್ಮನಾಗಿಬಿಟ್ಟೆ. ಬೆಳಗಿನ ಜಾವ ಲಾರಿಯಿಂದ ಇಳಿದ ಒಂದು ಮೂಟೆ ಕ್ಯಾರೆಟ್ಟಿನ ಹಿಂದೆ ಕ್ಯಾಮೆರಾ ನಡೆದುಹೋಗುತ್ತದೆ. ಹೊರುವವನ ಬೆನ್ನು, ಲೆಕ್ಕ ಬರೆಯುವವನ ಬೆರಳು, ಮಾಮೂಲು ಎತ್ತುವ ಹುಡುಗನ ಹೊಸ ವಾಚು, ಕೊನೆಗೆ ದೊಡ್ಡ ಮನೆಯೊಂದರ ಅಡುಗೆಮನೆಯಲ್ಲಿ ಹಲ್ವಕ್ಕೆ ತುರಿಯುವ ಕೈ. ಹಿನ್ನೆಲೆಗೆ ಸಂಗೀತವಿಲ್ಲ. ನಾನು ಹುಟ್ಟಿ ಬೆಳೆದ ಊರು ನನ್ನ ಭಾಷೆಯ ಸಿನಿಮಾದಲ್ಲಿ ಹೀಗೆ ಇದ್ದ ಹಾಗೆ ಕಂಡದ್ದು ಅದೇ ಮೊದಲು. ರೌಡಿಯಾದ ಹುಡುಗ ಮನೆಗೆ ಬಂದಾಗ ತಾಯಿ ಒಂದು ಮಾತೂ ಕೇಳದೆ ಅವನ ಅಂಗಿ ತೊಗೊಂಡು ಹೋಗಿ ನೆನೆಹಾಕುವ ದೃಶ್ಯವೊಂದಿದೆ, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಇದನ್ನೆಲ್ಲ ಹೇಳದಿದ್ದರೆ ನಾನು ಸುಳ್ಳ.

ಆಮೇಲೆ ಭಾವ ಬಂದರು. ನಟ ದಪ್ಪ ಮೀಸೆಯವನು, ಭಾವನಿಗೆ ಮೀಸೆ ತೆಳ್ಳಗಿತ್ತು. ಸಿನಿಮಾದಲ್ಲಿ ಆತ ಹಳೆಯ ರೌಡಿ, ಎಲ್ಲ ಬಿಟ್ಟು ತರಕಾರಿ ಮಾರಿಕೊಂಡಿರುವವನು; ಹೀರೋಗೆ ಬುದ್ಧಿ ಹೇಳುತ್ತಾನೆ. ಕೊಲ್ಲಲು ಬರುತ್ತಾರೆ. ಮಚ್ಚು ಒರೆಯಿಂದ ಹೊರಬರುವಾಗ ಅಷ್ಟು ಹೊತ್ತು ಇಲ್ಲದಿದ್ದ ನಗಾರಿ ಶುರುವಾಯಿತು, ಎಲ್ಲ ನಿಧಾನವಾಯಿತು. ಹಿಂಸೆ ಎಷ್ಟು ಅಸಹ್ಯ ಎಂದು ತೋರಿಸಲು ಹೊರಟವನು ಮಚ್ಚಿಗೆ ಆರತಿ ಎತ್ತಿದ ಹಾಗೆ ಕ್ಯಾಮೆರಾ ತಿರುಗಿಸಿದ್ದ. ಥಿಯೇಟರಿನಲ್ಲಿ ಶಿಳ್ಳೆ. ನನ್ನ ಪಕ್ಕದ ಹುಡುಗ ಸೀಟಿನ ಮೇಲೆ ಹತ್ತಿ ನಿಂತು, "ಹಾಕು ಗುರು" ಎಂದ. ಏಟು ತಿಂದ ಆ ಮನುಷ್ಯ ಓಣಿ ದಾಟಿ ಎಲೆ ಅಂಗಡಿಯ ಬಿದಿರು ಗಳು ಹಿಡಿದು ನಿಂತು, "ಈ ಊರು ಬಾಡಿಗೆ ಕೇಳಲ್ಲ, ರಕ್ತ ಕೇಳುತ್ತೆ" ಎಂದು ಶುರುಮಾಡಿ ಒಂದು ದೊಡ್ಡ ಡೈಲಾಗ್ ಹೊಡೆದ. ಚಪ್ಪಾಳೆಯೋ ಚಪ್ಪಾಳೆ. ಆ ಚಪ್ಪಾಳೆಯ ನಡುವೆ ಎಲೆ ಅಂಗಡಿಯೊಳಗಿನಿಂದ ಒಂದು ಕೈ ಬಂದು ಗೋಣಿಯ ಪರದೆ ಇಳಿಸಿತು. ಒಂದು ಕ್ಷಣ ಮುಖವೂ ಕಂಡಿತು. ಎಲೆ ಮಾವ.

ಮನೆಗೆ ಬಂದಾಗ ಅಕ್ಕ ಕೇಳಿದಳು. "ಹೆಂಗಿದೆ?"

"ಚೆನ್ನಾಗಿದೆ."

ಅವಳು ಮುಖ ನೋಡಿದಳು.

"ಚೆನ್ನಾಗಿಲ್ಲ," ಎಂದೆ.

"ಎರಡ್ರಲ್ಲಿ ಒಂದ್ ಹೇಳೋ. ಇದಕ್ಕೇ ನಿಂಗೆ ಸಂಬಳ ಕೊಡೋದಾ?"

ರೌಡಿ ಮಾಡಿದ್ದಾರೆ ಎಂದು ಹೇಳಿದೆ. ಬಿಟ್ಟುಬಂದ ರೌಡಿ, ಒಳ್ಳೆಯವನು, ಎಂದು ಸೇರಿಸಿದೆ, ನನಗೇ ನಾಚಿಕೆಯಾಯಿತು. ಎಲೆ ಮಾವನ ವಿಷಯ ಹೇಳಲಿಲ್ಲ. ಸಿನಿಮಾದವರು ಕಟ್ಟಿದ್ದಿರಬಹುದು, ಡೈಲಾಗಿನ ಹಾಗೆ ಅದೂ ಸುಳ್ಳಿರಬಹುದು ಎಂದುಕೊಂಡೆ. ಅಕ್ಕ ಎರಡು ದಿನ ಎಂದಿನಂತೆ ಅಂಗಡಿಗೆ ಹೋಗಿ ಬಂದಳು. ಸೋಮವಾರ ರಾತ್ರಿ ಊಟಕ್ಕೆ ಬಡಿಸುತ್ತಾ, ನಾಳೆ ರಜ, ನನ್ನನ್ನು ಕರ್ಕೊಂಡ್ ಹೋಗು ಎಂದಳು. ಬೇಡ ಎಂದೆ. "ಊರೆಲ್ಲ ನೋಡ್ತಿದೆ. ನಾನೊಬ್ಳು ನೋಡ್ಬಾರ್ದಾ?" ಎಂದಳು.

ಮಂಗಳವಾರ ಮ್ಯಾಟಿನಿಗೆ ಬಾಲ್ಕನಿಯಲ್ಲಿ ಕೂತೆವು. ಅಕ್ಕ ಮದುವೆಮನೆಗೆ ಹೊರಟವಳಂತೆ ಒಳ್ಳೆಯ ಸೀರೆ ಉಟ್ಟಿದ್ದಳು. ಕ್ಯಾರೆಟ್ಟಿನ ಮೂಟೆ ಬಂದಾಗ, "ಅದು ನಮ್ ಕಡೆ ಮಾಲಲ್ಲ, ಊಟಿದು" ಎಂದು ಮೆಲ್ಲಗೆ ಹೇಳಿದಳು. ನಗಾರಿ ಶುರುವಾದಾಗ ನಾನು ಅವಳ ಕಡೆ ನೋಡಲಿಲ್ಲ. ಶಿಳ್ಳೆ, ಚಪ್ಪಾಳೆ ಎಲ್ಲ ಶುಕ್ರವಾರದ ಹಾಗೇ ಆಯಿತು. ಡೈಲಾಗ್ ನಡೆಯುತ್ತಿದ್ದಾಗ ಅಕ್ಕ, "ಇವ್ರು ಇಷ್ಟೊಂದ್ ಮಾತಾಡ್ತಾನೇ ಇರ್ಲಿಲ್ಲ" ಎಂದಳು, ಪಕ್ಕದ ಮನೆಯವರ ಬಗ್ಗೆ ಹೇಳುವಷ್ಟು ಸಾಧಾರಣವಾಗಿ. ಎಲೆ ಅಂಗಡಿಯ ಗೋಣಿಪರದೆ ಇಳಿಯಿತು. ಅವಳು ನನ್ನ ಮೊಣಕೈ ಹಿಡಿದುಕೊಂಡಳು.

"ಮಾವ ಅಲ್ಲೇ ಇದಾರೆ."

"ಅದು ಸಿನಿಮಾ ಅಕ್ಕ."

"ಎಲ್ಲಾ ಸಿನಿಮಾನೇ. ಬೇರೆಯೋರೆಲ್ಲ ಓಡ್ತಾರೆ. ಮಾವ ಒಬ್ರೇ ಪರದೆ ಇಳಿಸ್ತಾರೆ. ಹಂಗೆ ಮಾಡಿಸ್ಬೇಕು ಅಂತ ಡೈರೆಕ್ಟರ್ಗೆ ಹೆಂಗ್ ಗೊತ್ತಾಗತ್ತೆ, ಮಾವ ಹೇಳ್ದೆ?"

ಇಂಟರ್‌ವಲ್‌ನಲ್ಲಿ ಹೊರಟುಬಿಡೋಣ ಎಂದೆ. ದುಡ್ಡು ಕೊಟ್ಟಿದೆ, ಪೂರ್ತಿ ನೋಡೋಣ ಎಂದಳು. ಪೂರ್ತಿ ನೋಡಿದೆವು. ಕಥೆ ಮುಂದೆ ಎಲ್ಲಿಗೆ ಹೋಯಿತೋ ಅವಳಿಗೆ ಗೊತ್ತಾಗಿರಲಾರದು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮಲ್ಲೇಶ್ವರದವರೆಗೂ ಹೊರಗೆ ನೋಡುತ್ತಿದ್ದಳು.

ವಿಮರ್ಶೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಸಂಪಾದಕರು, "ಮನೆ ವಿಷ್ಯ ಬದಿಗಿಟ್ಟು ಬರೀರಿ" ಎಂದಿದ್ದರು. ಬದಿಗಿಟ್ಟು ಬರೆಯಲು ಕೂತರೆ ಬದಿ ಯಾವುದು ಎಂದೇ ತಿಳಿಯಲಿಲ್ಲ. ಕೊನೆಗೆ ಇದು ನಮ್ಮ ಊರನ್ನು ಕಣ್ಣು ತೆರೆದು ನೋಡಿದ ಸಿನಿಮಾ, ಆದರೆ ಮಚ್ಚು ಕಂಡೊಡನೆ ಕಣ್ಣು ಮುಚ್ಚಿ ಕೈಮುಗಿಯುತ್ತದೆ ಎಂದು ಬರೆದೆ. ಹೊಗಳಿದ್ದು ಜಾಸ್ತಿಯಾಯಿತು ಎಂದು ಅರ್ಧ ಓದುಗರು, ಬೈದದ್ದು ಜಾಸ್ತಿಯಾಯಿತು ಎಂದು ಇನ್ನರ್ಧ ಜನ ಪತ್ರ ಬರೆದರು. ಸಿನಿಮಾ ಚೆನ್ನಾಗಿ ಓಡಿತು. ಬಾಡಿಗೆ, ರಕ್ತದ ಆ ಡೈಲಾಗು ಆಟೋಗಳ ಹಿಂದೆ ಸ್ಟಿಕರ್ ಆಗಿ ಬಂತು. ಭಾವ ಆಡದ ಮಾತನ್ನು ಓದಿಕೊಂಡು ನಾನು ದಿನಾ ಚಾಮರಾಜಪೇಟೆಗೆ ಹೋಗಿಬರುತ್ತಿದ್ದೆ. ಒಂದು ಸಲ ಸಿಗ್ನಲ್ಲಿನಲ್ಲಿ ಇಳಿದು ಹೋಗಿ ಅದನ್ನು ಕಿತ್ತುಹಾಕಬೇಕು ಅನಿಸಿತ್ತು.

ಅಕ್ಕ ಸಿನಿಮಾ ನೋಡಿದ ಮರುದಿನ, ಬುಧವಾರ ಬೆಳಿಗ್ಗೆ, ನಾನೂ ಅವಳ ಜೊತೆ ಅಂಗಡಿಗೆ ಹೋದೆ. ಅವಳು ಏನು ಮಾಡುತ್ತಾಳೋ ಎಂಬ ಭಯ. ಎಲೆ ಮಾವ ಎಂದಿನಂತೆ ಮೊದಲೇ ಬಂದು ಕೂತು ಎಲೆ ಒರೆಸುತ್ತಿದ್ದರು. ಅಕ್ಕ ತಾಟು ತೆಗೆದಳು, ತರಕಾರಿ ಜೋಡಿಸಿದಳು, ಬೋಣಿ ಮಾಡಿದಳು. ಗಿರಾಕಿ ಕಡಿಮೆಯಾಗುವ ತನಕ ವ್ಯಾಪಾರ ಮಾಡಿದಳು. ಆಮೇಲೆ ಎದ್ದು ಓಣಿ ದಾಟಿ ಆ ಬಿದಿರು ಗಳುವಿನ ಪಕ್ಕ ನಿಂತಳು. ನಾನು ಹಿಂದೆಯೇ ಹೋದೆ.

"ಮಾವ, ನಿನ್ನೆ ಸಿನಿಮಾ ನೋಡ್ದೆ."

ಎಲೆ ಮಾವನ ಕೈ ಎಲೆಯ ಮೇಲೆ ನಿಂತಿತು.

"ಅವತ್ತು ಇವ್ರು ಇಲ್ಲಿಗ್ ಬಂದಿದ್ರಾ?"

"ಬಂದಿದ್ದ," ಎಂದರು. ಸುಳ್ಳು ಹೇಳಲು ಒಂದಿಷ್ಟೂ ಪ್ರಯತ್ನ ಪಡಲಿಲ್ಲ, ಅದಕ್ಕೆ ನನಗೆ ಆಶ್ಚರ್ಯವಾಯಿತು. "ನೀನ್ ಈಗ ನಿಂತಿದೀಯಲ್ಲ, ಅಲ್ಲೇ. ಅವ್ನು ಯಾರಿಗೂ ಏನೂ ಅಂದಿರ್ಲಿಲ್ಲ ಕಣಮ್ಮ. ಕೈ ಕೂಡ ಎತ್ಲಿಲ್ಲ. ನಾನ್ ನೋಡ್ದೆ."

ಹತ್ತಿರ ಹತ್ತಿರ ಹತ್ತು ವರ್ಷ ಅಕ್ಕ ಕಾದಿದ್ದ ಮಾತು ಅದು. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ ಎಂಬಂತೆ ನಿಂತಿದ್ದಳು. ಕೇಳಿದ್ದು ಬೇರೆಯದನ್ನು.

"ಏನಂದ್ರು?"

ಎಲೆ ಮಾವ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. "ಅಂಗಡಿ ನೋಡ್ಕೊಳಿ ಮಾವ, ಆಸ್ಪತ್ರೆಗ್ ಹೋಗಿ ಈಗ್ ಬರ್ತೀನಿ ಅಂದ. ಅಷ್ಟೇ. ಅಂದ್ಬಿಟ್ಟು ಆಟೋ ಹಿಡಿಯೋಕೆ ಮೇನ್ ರೋಡ್ ಕಡೆ ಹೋದ. ನಾನ್ ಪರದೆ ಬಿಟ್ಕೊಂಡೆ. ಹೆದರಿಕೆ ಆಯ್ತು. ಜೊತೇಲ್ ಹೋಗ್ಬೇಕಿತ್ತು, ಹೋಗ್ಲಿಲ್ಲ."

ನಲ್ಲಿ ಕಟ್ಟೆಯವರೆಗೆ ಭಾವ ಯಾಕೆ ಹೋದರು ಎಂಬುದು ನಮಗೆ ಹಾಗೆ ಗೊತ್ತಾಯಿತು. ಯಾರನ್ನೂ ಅಟ್ಟಿಸಿಕೊಂಡು ಹೋಗಿರಲಿಲ್ಲ. ಅಂಗಡಿಯನ್ನು ಎದುರಿನವರಿಗೆ ಒಪ್ಪಿಸಿ, ಎಂದಿನಂತೆ, ಹೊರಟಿದ್ದರು.

"ಇಷ್ಟು ವರ್ಷ ನಂಗ್ ಹೇಳ್ಲಿಲ್ಲ," ಎಂದಳು ಅಕ್ಕ.

"ಪೊಲೀಸ್ನೋರು ನೋಡಿದ್ಯಾ ಅಂತ ಕೇಳಿದ್ರು. ಇಲ್ಲ ಅಂದ್ಬಿಟ್ಟೆ. ಒಂದ್ಸಲ ಇಲ್ಲ ಅಂದ್ಮೇಲೆ ನಿನ್ ಮುಂದೆ ಯಾವ್ ಮುಖ ಇಟ್ಕೊಂಡ್ ಹೇಳ್ಲಿ? ಅವನ್ ಏನಂದ ಅಂತ ಕೇಳಿದ್ದು ಆ ಸಿನಿಮಾ ಹುಡುಗ ಒಬ್ನೇ. ಹೇಳ್ದೆ. ಇಷ್ಟೇನಾ, ಇದು ಸಿನಿಮಾಗೆ ಸಾಲಲ್ಲ ತಾತ ಅಂದ."

ಆ ಒಂದು ಮಾತಿಗೆ ನಾನು ಆ ನಿರ್ದೇಶಕನನ್ನು ಇವತ್ತಿಗೂ ಕ್ಷಮಿಸಿಲ್ಲ. ಅವನು ಕೇಳದೇ ಇದ್ದಿದ್ದರೆ ನಮಗೆ ಇದು ಎಂದೂ ಗೊತ್ತಾಗುತ್ತಿರಲಿಲ್ಲ, ಅದೂ ನಿಜ. ಕೈಗೆ ಸಿಕ್ಕಿದ್ದು ಏನೆಂದು ಅವನಿಗೆ ತಿಳಿಯಲಿಲ್ಲ. ನನಗೂ ತಿಳಿದಿರಲಿಲ್ಲ. ಎಲೆ ಮಾವ ಟೀಗೆ ಏಳದೆ, ಮದುವೆಗೆ ಏಳದೆ, ಎದುರಿನ ಅಂಗಡಿಯನ್ನು ನೋಡಿಕೊಂಡು ಕೂತಿದ್ದದ್ದು ನನ್ನ ಕಣ್ಣೆದುರಿಗೇ ನಡೆದಿತ್ತು. ನಾನು ನಕ್ಕಿದ್ದೆ. ಅಂಗಡಿ ನೋಡ್ಕೊಳಿ ಎಂದು ಹೇಳಿ ಹೋದವನು ತಿರುಗಿ ಬರಲಿಲ್ಲ, ಬಂದೆ ಎನ್ನಲಿಲ್ಲ, ಹೇಳಿಸಿಕೊಂಡವರು ಏಳಲಿಲ್ಲ.

ಅಕ್ಕನಿಗೆ ಇದು ನನಗಿಂತ ಮೊದಲೇ ಹೊಳೆದಿರಬೇಕು. ಬಿದಿರು ಗಳುವನ್ನು ಒಮ್ಮೆ ಮುಟ್ಟಿ, ಓಣಿ ದಾಟಿ ವಾಪಸ್ಸು ಹೋಗಿ ಭಾವ ಕೂರುತ್ತಿದ್ದ ಮಣೆಯ ಮೇಲೆ ಕೂತಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಎದುರು ನೋಡಿ, ಮಾರ್ಕೆಟ್ಟಿನಲ್ಲಿ ಎಲ್ಲರೂ ಹೇಳುವ ದನಿಯಲ್ಲೇ ಹೇಳಿದಳು.

"ಬಂದೆ ಮಾವ. ನೀವ್ ಹೋಗಿ ಟೀ ಕುಡ್ಕೊಂಡ್ ಬನ್ನಿ."

ಎಲೆ ಮಾವ ಕೂತೇ ಇದ್ದರು. ಅಕ್ಕ ಇನ್ನೊಂದು ಸಲ ಹೇಳಲಿಲ್ಲ, ಬೆಂಡೆಕಾಯಿ ಕೇಳಿದ ಹೆಂಗಸಿಗೆ ತೂಕ ಹಾಕತೊಡಗಿದಳು. ಕೊನೆಗೆ ಅವರು ಮೊಣಕಾಲು ಹಿಡಿದುಕೊಂಡು ಎದ್ದು, ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು, ಓಣಿಯ ತುದಿಯ ಕಡೆಗೆ ನಿಧಾನವಾಗಿ ನಡೆದರು. ನಲ್ಲಿ ಕಟ್ಟೆಯ ಹತ್ತಿರ ಸ್ವಲ್ಪ ನಿಂತು, ಆಮೇಲೆ ಹೋಟೆಲಿನ ಕಡೆ ತಿರುಗಿದರು. ಅಂಗಡಿ ನೋಡ್ಕೊ ಎಂದು ಅಕ್ಕನಿಗೆ ಹೇಳುವುದನ್ನು ಮರೆತಿದ್ದರು. ಅಕ್ಕ ಮಣೆಯನ್ನು ಒಂದಿಷ್ಟು ಪಕ್ಕಕ್ಕೆ ಎಳೆದುಕೊಂಡು, ಎಲೆ ಅಂಗಡಿ ಪೂರ್ತಿ ಕಾಣುವ ಹಾಗೆ ಕೂತಳು.